ಹದಿಹರೆಯದ ಸೂಪರ್‌ಹೀರೋ ತಂಡದ ಕನ್ನಡ ಕಾಮಿಕ್ಸ್: ಐವರನ್ನೂ ಮೊದಲ ಸಂಚಿಕೆಯಲ್ಲೇ ತರಬೇಕೇ?

ಪ್ರಶ್ನೆ: ಚಿತ್ರಕಲಾ ಶಿಕ್ಷಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕತೆ ಬರೆಯುವ ಗೆಳೆಯರೊಬ್ಬರ ಜೊತೆ ಸೇರಿ ಒಂದು ಕಾಮಿಕ್ಸ್ ಮಾಲಿಕೆಯನ್ನು ಸಿದ್ಧಪಡಿಸುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಐವರು ಹದಿಹರೆಯದ ಮಕ್ಕಳು ಅದರ ನಾಯಕರು. ಮೊದಲ ಸಂಚಿಕೆ 32 ಪುಟಗಳದ್ದು. ಪೆನ್ಸಿಲ್ ಕರಡು ಮುಗಿದಿದ್ದು, ಶಾಯಿ ಹಚ್ಚುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಪಾತ್ರಗಳ ಹೆಸರುಗಳು ಇನ್ನೂ ಗಟ್ಟಿಯಾಗಿಲ್ಲ, ಆದ್ದರಿಂದ ಊರಿನಿಂದಲೇ ಗುರುತಿಸುತ್ತೇನೆ. ವಿಜಯಪುರದ ಹುಡುಗಿ ಗೋಳಗುಮ್ಮಟದ ಆಸುಪಾಸಿನಲ್ಲಿ ಬೆಳೆದವಳು. ಕೇಳಿದ ಸದ್ದನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಬೇಕೆಂದಾಗ ಹಲವು ಪಟ್ಟು ಜೋರಾಗಿ ಹೊರಬಿಡಬಲ್ಲಳು. ಬಾಗಲಕೋಟೆಯ ನವನಗರದ ಹುಡುಗ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಓಣಿಗಳಲ್ಲಿ ಉಸಿರು ಕಟ್ಟದೆ ನಡೆಯಬಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಯ ಹುಡುಗಿ ನೂಲನ್ನು ಮನಸ್ಸಿನಿಂದಲೇ ಆಡಿಸುತ್ತಾಳೆ. ಬೆಳಗಾವಿಯ ಹುಡುಗನಿಗೆ ಯಾರು ಯಾವ ಭಾಷೆಯಲ್ಲಿ ಮಾತನಾಡಿದರೂ ಅರ್ಥವಾಗುತ್ತದೆ. ಐದನೆಯವನು ವಿಜಯಪುರ ಜಿಲ್ಲೆಯ ಒಂದು ತಾಂಡಾದವನು, ಎಂಥ ಭಾರವನ್ನಾದರೂ ಎಷ್ಟು ದೂರಕ್ಕಾದರೂ ಹೊರಬಲ್ಲ.

ಕಷ್ಟವಿರುವುದು ಪುಟಗಳ ಲೆಕ್ಕದಲ್ಲಿ. ಐವರಿಗೂ ಶಕ್ತಿ ಬಂದ ಬಗೆಯನ್ನು ತಲಾ ನಾಲ್ಕು ಪುಟಗಳಲ್ಲಿ ಹೇಳಿದ್ದರಿಂದ 20 ಪುಟಗಳು ಅಲ್ಲಿಗೇ ಮುಗಿದಿವೆ. ಉಳಿದ 12ರಲ್ಲಿ ಅವರೆಲ್ಲ ಒಂದೆಡೆ ಸೇರಬೇಕು, ಒಬ್ಬರನ್ನೊಬ್ಬರು ನಂಬಬೇಕು, ಖಳನಾಯಕನನ್ನು ಎದುರಿಸಿ ಗೆಲ್ಲಬೇಕು. ಒಂಬತ್ತನೆಯ ತರಗತಿಯ ಕೆಲವು ಮಕ್ಕಳಿಗೆ ಕರಡನ್ನು ಓದಲು ಕೊಟ್ಟೆ. ಖಳನಾಯಕನ ಬಗ್ಗೆ ಒಬ್ಬರೂ ಕೇಳಲಿಲ್ಲ. "ಸರ್, ಬೆಳಗಾವಿಯವನು ವಿಜಯಪುರಕ್ಕೆ ಹೇಗೆ ಬಂದ? ಮನೆಯಲ್ಲಿ ಏನಂತ ಹೇಳಿ ಬಂದ?" ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು. ಕರಡಿನಲ್ಲಿ ಅದಕ್ಕೆ ಉತ್ತರವೇ ಇಲ್ಲ.

ಹೀಗಿರುವಾಗ ಐವರನ್ನೂ ಮೊದಲ ಸಂಚಿಕೆಯಲ್ಲೇ ತರುವುದು ಸರಿಯೇ, ಅಥವಾ ಸಂಚಿಕೆಗೊಬ್ಬರಂತೆ ಪರಿಚಯಿಸಿ ಆರನೆಯದರಲ್ಲಿ ತಂಡ ಕಟ್ಟುವುದು ಸರಿಯೇ? ಜೊತೆಗೆ, ಮಾತಿನ ಬಲೂನುಗಳಲ್ಲಿ ನಮ್ಮ ಕಡೆಯ ಆಡುಮಾತನ್ನು ಬಳಸಬೇಕೋ ಪುಸ್ತಕದ ಕನ್ನಡವನ್ನೋ ಎಂಬ ಬಗ್ಗೆಯೂ ನಾನು ಮತ್ತು ಗೆಳೆಯರು ಒಮ್ಮತಕ್ಕೆ ಬಂದಿಲ್ಲ.

ಉತ್ತರ 1: ಹಳೆಯ ಪುಸ್ತಕದಂಗಡಿ, ಬೆಳಗಾವಿ

ಮಾಸ್ತರರೆ, ನಿಮ್ಮ ವಿದ್ಯಾರ್ಥಿಗಳು ಈ ಪ್ರಕಾರದ ಮರ್ಮವನ್ನೇ ಹಿಡಿದಿದ್ದಾರೆ. ಒಬ್ಬನೇ ನಾಯಕನ ಕತೆಗೆ ಅವನಿಗೆ ಶಕ್ತಿ ಬಂದ ಬಗೆಯೇ ಬುನಾದಿಯಾದರೆ, ತಂಡದ ಕತೆಗೆ ಅವರು ಒಂದೆಡೆ ಸೇರಿದ ಕಾರಣವೇ ಬುನಾದಿ. ಅದರಲ್ಲೂ ನಾಯಕರು ಹದಿನೈದು, ಹದಿನಾರು ವರ್ಷದವರಾಗಿದ್ದರೆ ಈ ಕಾರಣವನ್ನು ಕಟ್ಟುವುದು ಇನ್ನೂ ಕಠಿಣ, ಏಕೆಂದರೆ ಆ ವಯಸ್ಸಿನವರ ಕೈಯಲ್ಲಿ ಹಣವೂ ಇರುವುದಿಲ್ಲ, ಸಮಯವೂ ಅವರದಾಗಿರುವುದಿಲ್ಲ.

ಅಮೆರಿಕದವರು ಇದನ್ನು ಬಗೆಹರಿಸಿಕೊಂಡ ರೀತಿಗಳನ್ನು ನೋಡಿ. 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಎಕ್ಸ್‌-ಮೆನ್ ಎಂಬ ಕಾಮಿಕ್ಸ್ ಆರಂಭಿಸಿದಾಗ ಅದರ ಐವರು ನಾಯಕರನ್ನೂ ಒಂದೇ ವಸತಿ ಶಾಲೆಯಲ್ಲಿಟ್ಟರು. ಊಟ, ನಿದ್ದೆ, ತರಬೇತಿ ಎಲ್ಲವೂ ಒಂದೇ ಸೂರಿನಡಿ ಆದದ್ದರಿಂದ ಸೇರುವ ಪ್ರಶ್ನೆಯೇ ಏಳಲಿಲ್ಲ. (ನಿಮ್ಮೂರಿನ ಸೈನಿಕ ಶಾಲೆ ಆರಂಭವಾದದ್ದೂ ಅದೇ 1963ರಲ್ಲಿ, ಇದು ಕಾಕತಾಳೀಯವೇ ಆದರೂ ನನಗೆ ಪ್ರಿಯವಾದ ಸಂಗತಿ.) ಆ ಮೊದಲ ಸಂಚಿಕೆಯನ್ನು ನೀವು ಇನ್ನೊಂದು ಕಾರಣಕ್ಕೂ ಗಮನಿಸಬೇಕು. ಕತೆ ಆರಂಭವಾಗುವಾಗಲೇ ನಾಲ್ವರು ಹುಡುಗರು ಅಭ್ಯಾಸದಲ್ಲಿ ತೊಡಗಿರುತ್ತಾರೆ. ಐದನೆಯವಳಾಗಿ ಜೀನ್ ಗ್ರೇ ಹೊಸದಾಗಿ ಶಾಲೆಗೆ ಬರುತ್ತಾಳೆ, ಅವಳಿಗೆ ಪರಿಚಯಿಸುವ ನೆಪದಲ್ಲಿ ನಮಗೂ ಎಲ್ಲರ ಪರಿಚಯವಾಗುತ್ತದೆ. ಯಾರಿಗೆ ಶಕ್ತಿ ಹೇಗೆ ಬಂತೆಂಬ ವಿವರವಾದ ಕತೆಗಳು ವರ್ಷಗಳ ನಂತರದ ಸಂಚಿಕೆಗಳ ಹಿಂಬದಿಯ ಪುಟಗಳಲ್ಲಿ ಬಂದವು. ಅಂದರೆ ನಿಮ್ಮ ಆ 20 ಪುಟಗಳನ್ನು ಕಳೆದುಕೊಳ್ಳಬೇಕಾಗಿಲ್ಲ, ಎತ್ತಿಟ್ಟುಕೊಂಡರೆ ಸಾಕು. ಮುಂದಿನ ಐದು ಸಂಚಿಕೆಗಳ ಕೊನೆಯಲ್ಲಿ ನಾಲ್ಕು ನಾಲ್ಕು ಪುಟಗಳಂತೆ ಅವು ಚೆನ್ನಾಗಿಯೇ ಕೂರುತ್ತವೆ.

ಎರಡನೆಯ ದಾರಿ 1964ರ ಇನ್ನೊಂದು ಕಾಮಿಕ್ಸ್‌ನದು. ರಾಬಿನ್, ಕಿಡ್ ಫ್ಲ್ಯಾಶ್ ಮತ್ತು ಆಕ್ವಾಲ್ಯಾಡ್ ಮೂವರೂ ದೊಡ್ಡ ನಾಯಕರ ಶಿಷ್ಯರು. ಒಂದು ಚಿಕ್ಕ ಊರಿನಲ್ಲಿ ಹಿರಿಯರಿಗೂ ಹುಡುಗರಿಗೂ ಜಗಳ ಬಿದ್ದಾಗ ಆ ಊರಿನ ಹುಡುಗರೇ ಇವರನ್ನು ಕರೆಸುತ್ತಾರೆ. ಟೀನ್ ಟೈಟನ್ಸ್ ಎಂಬ ಹೆಸರು ಆ ತಂಡಕ್ಕೆ ಬಂದದ್ದು ಮರುವರ್ಷ, 1965ರಲ್ಲಿ. ಹೆಸರಿಲ್ಲದೆಯೂ ತಂಡ ನಡೆಯುತ್ತದೆ, ಕರೆಯಿಲ್ಲದೆ ನಡೆಯುವುದಿಲ್ಲ. ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಜಾಣತನದ್ದೆಂದು ತೋರುತ್ತದೆ. 2003ರಲ್ಲಿ ಬಂದ ಕಾಮಿಕ್ಸ್ ಮಾಲಿಕೆ ರನ್‌ಅವೇಸ್‌ನಲ್ಲಿ ಕೆಲವು ಕುಟುಂಬಗಳು ವರ್ಷಕ್ಕೊಮ್ಮೆ ಒಂದೆಡೆ ಕೂಡುತ್ತವೆ. ಬೇಸರದಿಂದ ಬಂದ ಮಕ್ಕಳು ಆ ರಾತ್ರಿ ತಮ್ಮ ತಂದೆತಾಯಿಯರೇ ಖಳರೆಂಬುದನ್ನು ಕಣ್ಣಾರೆ ಕಾಣುತ್ತಾರೆ. ಸೇರಿದ ಕಾರಣವೂ ಓಡಿಹೋಗುವ ಕಾರಣವೂ ಒಂದೇ ಆದದ್ದರಿಂದ ಕತೆ ಒಂದು ಪುಟವನ್ನೂ ವ್ಯರ್ಥ ಮಾಡುವುದಿಲ್ಲ.

ನಿಮ್ಮ ಐವರಿಗೆ ವಸತಿ ಶಾಲೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ನಮ್ಮಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಇರುವುದು ನಿಜ, ಆದರೆ ಅಲ್ಲಿಟ್ಟರೆ ಮಗ್ಗದ ಮನೆ, ನವನಗರದ ಸೆಕ್ಟರು, ತಾಂಡಾ ಎಲ್ಲವೂ ಕತೆಯಿಂದ ಹೊರಗುಳಿಯುತ್ತವೆ. ಅದಕ್ಕಿಂತ ವಿಭಾಗ ಮಟ್ಟದ ಶಾಲಾ ಕ್ರೀಡಾಕೂಟವನ್ನು ಏಕೆ ಬಳಸಬಾರದು? ಶಿಕ್ಷಣ ಇಲಾಖೆಯ ಬೆಳಗಾವಿ ವಿಭಾಗದಲ್ಲಿ ಈ ಮೂರೂ ಜಿಲ್ಲೆಗಳಿವೆ. ತಾಲ್ಲೂಕು, ಜಿಲ್ಲೆ ದಾಟಿದ ಮಕ್ಕಳು ವಿಭಾಗ ಮಟ್ಟದಲ್ಲಿ ಎದುರಾಳಿಗಳಾಗಿ ಭೇಟಿಯಾಗುತ್ತಾರೆ. ಮನೆಯವರ ಒಪ್ಪಿಗೆ, ಮುಖ್ಯೋಪಾಧ್ಯಾಯರ ಸಹಿ, ಜೊತೆಗೆ ಬಂದ ದೈಹಿಕ ಶಿಕ್ಷಕರ ಕಣ್ಗಾವಲು ಎಲ್ಲವೂ ತಾವಾಗಿಯೇ ಒದಗುತ್ತವೆ. ಮೊದಲು ಎದುರಾಳಿಗಳಾಗಿದ್ದವರು ನಂತರ ಜೊತೆಗಾರರಾಗುವುದು ಓದುಗರಿಗೂ ರುಚಿಸುತ್ತದೆ. ಅವರವರ ಊರಿಗೆ ಮರಳಿದ ಮೇಲೆ ಮತ್ತೆ ಸೇರುವುದು ಹೇಗೆಂಬುದೇ ಎರಡನೆಯ ಸಂಚಿಕೆಯ ಕತೆಯಾಗಲಿ.

ಇನ್ನು ಶಕ್ತಿಗಳ ಮಾತು. ನವನಗರದ ಹುಡುಗ ನಿಮ್ಮ ಮಾಲಿಕೆಯ ಚಿನ್ನ, ಅವನನ್ನು ಅಗ್ಗವಾಗಿ ಖರ್ಚು ಮಾಡಬೇಡಿ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲದಲ್ಲಿ ನೀರು ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಅವನ ಶಕ್ತಿಯೂ ಹಾಗೆಯೇ ಏರಿಳಿಯಲಿ: ಶ್ರಾವಣದಲ್ಲಿ ಅವನನ್ನು ತಡೆಯುವವರೇ ಇಲ್ಲ, ಮೇ ತಿಂಗಳಲ್ಲಿ ಅವನು ಎಲ್ಲರಂತೆ ಒಬ್ಬ ಹುಡುಗ. ಕೃಷ್ಣಾ ನದಿಯ ನೀರು ಹಂಚಿಕೆಯ ಎರಡನೆಯ ನ್ಯಾಯಾಧೀಕರಣದ 2010ರ ತೀರ್ಪು ಆ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿದೆ. ನೀರು ಏರಿದಷ್ಟೂ ಅವನ ಬಲ ಹೆಚ್ಚುತ್ತದೆ, ಆದರೆ ನೀರು ಏರಿದಷ್ಟೂ ಇನ್ನೊಬ್ಬರ ಊರು ಮುಳುಗುತ್ತದೆ. ಇಂಥ ಇಕ್ಕಟ್ಟು ಕೈಯಲ್ಲಿರುವಾಗ ಕಪ್ಪು ನಿಲುವಂಗಿಯ ಖಳನಾಯಕ ನಿಮಗೇಕೆ?

ಉತ್ತರ 2: ಡಿಟಿಪಿ ಕೆಲಸದವ, ಬಾಗಲಕೋಟೆ

ಕತೆಯ ವಿಷಯವನ್ನು ಬೆಳಗಾವಿಯವರು ಹೇಳಿದ್ದಾರೆ, ನಾನು ಅಕ್ಷರಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಸರ್, ಆಡುಮಾತೋ ಪುಸ್ತಕದ ಭಾಷೆಯೋ ಎಂಬ ನಿಮ್ಮ ಪ್ರಶ್ನೆಯನ್ನು ಬಲೂನಿನ ಅಳತೆಯೇ ಅರ್ಧ ತೀರ್ಮಾನಿಸುತ್ತದೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ದೊಡ್ಡಕ್ಷರಗಳಲ್ಲೇ ಬರೆಯುವುದರಿಂದ ಸಾಲುಗಳು ಒಂದೇ ಎತ್ತರದಲ್ಲಿ ಒತ್ತಾಗಿ ಕೂರುತ್ತವೆ. ನಮ್ಮ ಲಿಪಿಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜೊತೆಗೆ ನಮ್ಮ ಕ್ರಿಯಾಪದಗಳು ಉದ್ದ, ನಡುವೆ ಮುರಿದರೆ ಓದಲು ತೊಡಕು. "ನಾನು ಹೋಗುತ್ತಿದ್ದೇನೆ" ಎಂಬುದಕ್ಕೆ ಬೇಕಾಗುವ ಜಾಗದ ಅರ್ಧದಷ್ಟರಲ್ಲೇ "ಹೊಂಟೀನಿ" ಕೂರುತ್ತದೆ. ಆದ್ದರಿಂದ ಮಾತು ನಮ್ಮ ಕಡೆಯದಿರಲಿ, ಚೌಕಟ್ಟಿನ ಮೇಲೆ ಬರುವ ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ. ಆದರೆ ಐವರ ಬಾಯಲ್ಲೂ ಒಂದೇ ಆಡುಮಾತು ಇರಬಾರದು. ತಾಂಡಾದ ಹುಡುಗ ಮನೆಯಲ್ಲಿ ಲಂಬಾಣಿ ಮಾತನಾಡುತ್ತಾನೆ, ಬೆಳಗಾವಿಯವನ ಮಾತಿನಲ್ಲಿ ಮರಾಠಿ ಇಣುಕುತ್ತದೆ, ಗೋಳಗುಮ್ಮಟದ ಓಣಿಯಲ್ಲಿ ದಖನಿ ಕೇಳಿಸುತ್ತದೆ. ಎಲ್ಲ ಭಾಷೆ ತಿಳಿಯುವವನು ತಂಡದಲ್ಲಿರುವಾಗ ಈ ವ್ಯತ್ಯಾಸ ಕೇಳಿಸದಿದ್ದರೆ ಅವನ ಶಕ್ತಿಗೆ ಕೆಲಸವೇ ಇರುವುದಿಲ್ಲ.

ಪುಟದ ಅಳತೆ ಕ್ರೌನ್ 1/4 ಇರಲಿ, ಅಂದರೆ ಸುಮಾರು 7.5 ಇಂಚು ಅಗಲ, 10 ಇಂಚು ಎತ್ತರ. ಅದರಲ್ಲಿ ಒಂದು ಫಾರ್ಮಿಗೆ, ಅಂದರೆ ಎರಡೂ ಬದಿ ಮುದ್ರಿಸಿ ಮಡಚುವ ಒಂದು ದೊಡ್ಡ ಹಾಳೆಗೆ, 8 ಪುಟ, ನಿಮ್ಮ 32 ಪುಟಗಳು ನಾಲ್ಕು ಫಾರ್ಮಿಗೆ ಸರಿಯಾಗಿ ಕೂರುತ್ತವೆ, ಹೊದಿಕೆ ಬೇರೆ. ನಡುವೆ ಪಿನ್ ಹೊಡೆಯುವ ಪುಸ್ತಕವಾದ್ದರಿಂದ ಪುಟಸಂಖ್ಯೆ ಹೇಗೂ ನಾಲ್ಕರ ಗುಣಕದಲ್ಲೇ ಇರಬೇಕು. ಒಂದು ಪುಟಕ್ಕೆ ಆರಕ್ಕಿಂತ ಹೆಚ್ಚು ಚೌಕಟ್ಟುಗಳನ್ನು ಹಾಕಿದರೆ ಕನ್ನಡದ ಮಾತಿಗೆ ಜಾಗವಿರುವುದಿಲ್ಲ.

ಫಾಂಟಿನ ವಿಷಯದಲ್ಲಿ ಒಂದೇ ವಿನಂತಿ: ಹಳೆಯ ಸಂಕೇತದ ನುಡಿ ಫಾಂಟಿನಲ್ಲಿ ಕೂರಿಸಬೇಡಿ, ಯೂನಿಕೋಡನ್ನೇ ಬಳಸಿ. ಮುಂದೆ ಅಂತರಜಾಲದಲ್ಲಿ ಪ್ರಕಟಿಸುವಾಗ ಎಲ್ಲವನ್ನೂ ಹೊಸದಾಗಿ ಕೂರಿಸುವ ಕೆಲಸ ತಪ್ಪುತ್ತದೆ. ಬಲೂ ತಮ್ಮ ಎಂಬ ಫಾಂಟು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ದುಂಡಗೆ, ದಪ್ಪಗೆ ಇರುವುದರಿಂದ ಬಲೂನಿಗೆ ಹೊಂದುತ್ತದೆ. ಚಿತ್ರ ಬಿಡಿಸುವ ತಂತ್ರಾಂಶವಾದ ಇಲ್ಲಸ್ಟ್ರೇಟರ್ ಬಳಸುವುದಾದರೆ, ದಕ್ಷಿಣ ಏಷ್ಯಾದ ಲಿಪಿಗಳಿಗಿರುವ ಅಕ್ಷರ ಜೋಡಣೆಯ ಆಯ್ಕೆಯನ್ನು (ಕಂಪೋಸರ್) ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆಯಿಲ್ಲ. ಸದ್ದುಗಳಿಗೆ ಮಾತ್ರ ಫಾಂಟು ಬೇಡವೇ ಬೇಡ. "ದಬಾಲ್", "ಧಡಕ್ಕನೆ", "ಸರ್ರ್" ಇವನ್ನೆಲ್ಲ ಚಿತ್ರದ ಭಾಗವಾಗಿ ಕೈಯಿಂದಲೇ ಬರೆಯಿರಿ. ಸದ್ದನ್ನೇ ಶಕ್ತಿಯಾಗುಳ್ಳ ಹುಡುಗಿಯ ಕತೆಯಲ್ಲಿ ಸದ್ದಿನ ಅಕ್ಷರಗಳೇ ಅವಳ ಆಯುಧ, ಅವನ್ನು ಕಂಪ್ಯೂಟರಿಗೆ ಬಿಟ್ಟುಕೊಡುವುದು ಚಿತ್ರಕಾರರಿಗೆ ತರವಲ್ಲ.

ಉತ್ತರ 3: ಓದುಗ, ವಿಜಯಪುರ

ನನಗೆ ಇದರಲ್ಲಿ ಪ್ರವಾಸೋದ್ಯಮದ ಕರಪತ್ರದ ವಾಸನೆ ಬರುತ್ತಿದೆ. ಗುಮ್ಮಟಕ್ಕೊಬ್ಬಳು, ಅಣೆಕಟ್ಟಿಗೊಬ್ಬ, ಖಣಕ್ಕೊಬ್ಬಳು ಎಂದು ಹಂಚಿದರೆ ಮುಂದಿನ ಸಂಚಿಕೆಗಳಲ್ಲಿ ಮಲಿಕ್-ಎ-ಮೈದಾನ್ ತೋಪಿಗೊಬ್ಬ, ಮುಧೋಳದ ನಾಯಿಗೊಬ್ಬ, ಗೋಕಾಕ ಜಲಪಾತಕ್ಕೊಬ್ಬ ಬರುತ್ತಾರೆ. ಗೋಳಗುಮ್ಮಟದ ಮೊಗಸಾಲೆಯಲ್ಲಿ ಪಿಸುಮಾತು ಕೇಳಿಸುವುದಕ್ಕೆ ಕಾರಣವಿದೆ: ಗುಮ್ಮಟದ ಒಳಗೋಡೆಯ ಬಾಗನ್ನೇ ಹಿಡಿದು ಸದ್ದು ಸಾಗುತ್ತದೆ, ಸುಮಾರು 38 ಮೀಟರ್ ಆಚೆ ನಿಂತವರಿಗೂ ತಲುಪುತ್ತದೆ. ಈ ಕಾರಣವನ್ನು ಶಕ್ತಿಯ ನಿಯಮವನ್ನಾಗಿ ಮಾಡಿ. ಗೋಡೆಯಿಲ್ಲದ ಬಯಲಿನಲ್ಲಿ, ಜೋಳದ ಹೊಲದ ನಡುವೆ ಅವಳಿಗೆ ಏನೂ ಮಾಡಲು ಬಾರದಂತಿರಲಿ. ಆಗ ಗುಮ್ಮಟ ಹಿನ್ನೆಲೆಯ ಚಿತ್ರವಾಗಿ ಉಳಿಯದೆ ಕತೆಯೊಳಗೆ ಬರುತ್ತದೆ. ಇಲ್ಲವಾದರೆ ಕ್ಯಾಲೆಂಡರ್ ಬರೆದರೇ ಸಾಕು.

ಉತ್ತರ 4: ಪಿಯು ವಿದ್ಯಾರ್ಥಿನಿ, ಗುಳೇದಗುಡ್ಡ

ಸರ್, ನಮ್ಮೂರಿನ ಹುಡುಗಿಯನ್ನು ಕತೆಯಲ್ಲಿ ಸೇರಿಸಿಕೊಂಡದ್ದಕ್ಕೆ ಸಂತೋಷವಾಯಿತು. ಆದರೆ ಎರಡು ಮಾತು ಹೇಳಲೇಬೇಕೆನಿಸಿತು.

ಮೊದಲನೆಯದು, ಅವಳ ಶಕ್ತಿ ಅವಳ ಮನೆಗೆಲಸವೇ ಆಗಿಬಿಟ್ಟಿದೆ. ನೇಯುವ ಮನೆಯಲ್ಲಿ ಹುಟ್ಟಿದವಳು ಶಾಲೆ ಮುಗಿಸಿ ಬಂದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆ. ಸೂಪರ್‌ಹೀರೋ ಆದ ಮೇಲೂ ನೂಲನ್ನೇ ಹಿಡಿಯಬೇಕೇ? ಅವಳಿಗೆ ಭಾರ ಹೊರುವ ಶಕ್ತಿ ಕೊಟ್ಟು, ನೂಲನ್ನು ತಾಂಡಾದ ಹುಡುಗನಿಗೆ ಕೊಟ್ಟು ನೋಡಿ. ಲಂಬಾಣಿ ಕಸೂತಿ ಅವರ ಮನೆಗಳಲ್ಲೂ ಇದೆ. ಹೊಲಿಗೆ ಬಲ್ಲ ಹುಡುಗನನ್ನು ಉಳಿದವರು ಮೊದಮೊದಲು ಗೇಲಿ ಮಾಡುವುದು, ಆಮೇಲೆ ಅವನಿಲ್ಲದೆ ಯಾರಿಗೂ ಗತಿಯಿಲ್ಲದಂತಾಗುವುದು ನನಗಂತೂ ಓದಲು ಇಷ್ಟ.

ಎರಡನೆಯದು ಬಸ್ಸಿನ ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ನಿಮ್ಮ ತಂಡದ ಇಬ್ಬರು ಹುಡುಗಿಯರು ಆಧಾರ್ ಕಾರ್ಡ್ ತೋರಿಸಿ ಬೆಳಗಾವಿಯ ತನಕವೂ ಹೋಗಬಲ್ಲರು, ದುಡ್ಡು ಹೊಂದಿಸಬೇಕಾದವರು ಹುಡುಗರೇ. ಆದರೆ ಹುಡುಗರನ್ನು ಎಲ್ಲಿಗೆ ಹೊರಟಿರೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ, ನಮ್ಮನ್ನು ಕೇಳುತ್ತಾರೆ. ಒಬ್ಬರಿಗೆ ಹಣದ ತಡೆ, ಇನ್ನೊಬ್ಬರಿಗೆ ಒಪ್ಪಿಗೆಯ ತಡೆ. ಕಮಲಾ ಖಾನ್ ಎಂಬ ಹುಡುಗಿಯ ಮಿಸ್ ಮಾರ್ವೆಲ್ ಮಾಲಿಕೆ 2014ರಲ್ಲಿ ಆರಂಭವಾದದ್ದೇ, ಪಾರ್ಟಿಗೆ ಹೋಗಲು ಮನೆಯಲ್ಲಿ ಒಪ್ಪದಿದ್ದಾಗ ಅವಳು ಕದ್ದು ಹೊರಬೀಳುವುದರಿಂದ. ಅವಳ ಊರು ಅಮೆರಿಕದ ಜರ್ಸಿ ಸಿಟಿ, ಆದರೂ ಆ ಪುಟಗಳನ್ನು ಓದುವಾಗ ನನಗೆ ನಮ್ಮ ಮನೆಯ ನಡುಮನೆಯೇ ಕಂಡಿತು. ನಿಮ್ಮ ಹುಡುಗಿಯರು ಮಾತ್ರ ಪ್ರತಿ ಸಲವೂ ಸುಳ್ಳು ಹೇಳಿಯೇ ಹೊರಡುವುದು ಬೇಡ. ಒಬ್ಬಳ ಅಜ್ಜಿಗಾದರೂ ಗುಟ್ಟು ಗೊತ್ತಿರಲಿ.

ಇನ್ನೊಂದು ನೆನಪಾಯಿತು. ತಾಂಡಾಗಳಿಂದ ಅನೇಕ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತವೆ. ಕಾರ್ಖಾನೆಯ ಹಂಗಾಮು ಮುಗಿಯುವ ತನಕ ಮರಳುವುದಿಲ್ಲ, ಮಕ್ಕಳೂ ಕೆಲವೊಮ್ಮೆ ಜೊತೆಗೆ ಹೋಗುತ್ತಾರೆ. ಹಾಗಾದರೆ ನಿಮ್ಮ ತಂಡ ವರ್ಷದಲ್ಲಿ ಕೆಲವು ತಿಂಗಳು ನಾಲ್ವರದೇ ಅಲ್ಲವೇ?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಚಿತ್ರಕಲಾ ಶಿಕ್ಷಕ, ವಿಜಯಪುರ

ಎಲ್ಲರಿಗೂ ಧನ್ಯವಾದ. ಗೆಳೆಯರಿಗೂ ಎಲ್ಲ ಉತ್ತರಗಳನ್ನು ಓದಿ ಹೇಳಿದೆ. ಗುಳೇದಗುಡ್ಡದ ತಂಗಿಯ ಕೊನೆಯ ಪ್ರಶ್ನೆಯೇ ನಮ್ಮ ಪುಟಗಳ ಲೆಕ್ಕವನ್ನು ಬಿಡಿಸಿತು. ಮೊದಲ ಸಂಚಿಕೆ ಬೆಳಗಾವಿಯ ಕ್ರೀಡಾಕೂಟದಲ್ಲಿ ನಡೆಯುತ್ತದೆ, ಅದರಲ್ಲಿ ನಾಲ್ವರೇ ಇರುತ್ತಾರೆ. ಐದನೆಯವನ ಹೆಸರು ಖೋ-ಖೋ ತಂಡದ ಪಟ್ಟಿಯಲ್ಲಿದೆ, ಅವನು ಬಂದಿಲ್ಲ. ಏಕೆ ಬಂದಿಲ್ಲವೆಂದು ವಿಜಯಪುರದ ಹುಡುಗಿ ವಿಚಾರಿಸುವುದರಿಂದ ಕತೆ ಮುಂದುವರಿಯುತ್ತದೆ. ನೂಲನ್ನು ಅವನಿಗೂ ಭಾರವನ್ನು ಗುಳೇದಗುಡ್ಡದವಳಿಗೂ ಬದಲಿಸಿದ್ದೇವೆ. ಶಕ್ತಿ ಬಂದ ಕತೆಗಳ 20 ಪುಟಗಳು ಸದ್ಯಕ್ಕೆ ಕಡತದಲ್ಲಿವೆ.

ಓದುಗ ಮಹಾಶಯರು ಹೇಳಿದ ನಿಯಮವನ್ನು ಒಪ್ಪಿದ್ದೇನೆ: ಬಯಲಿನಲ್ಲಿ ಅವಳ ಶಕ್ತಿ ನಡೆಯದು, ಕ್ರೀಡಾಂಗಣ ಬಯಲೇ ಆದ್ದರಿಂದ ಮೊದಲ ಸಂಚಿಕೆಯ ಬಹುಭಾಗದಲ್ಲಿ ಅವಳು ತನ್ನ ಕಾಲುಗಳನ್ನೇ ನಂಬಬೇಕು. ಆದರೆ ಗುಮ್ಮಟವನ್ನು ಮುಖಪುಟದಿಂದ ತೆಗೆಯಲು ನನಗೆ ಮನಸ್ಸಿಲ್ಲ. ಈ ಊರಿನ ಚಿತ್ರಕಲಾ ಶಿಕ್ಷಕನಿಗೆ ಅಷ್ಟು ಹಕ್ಕು ಇರಬೇಕೆಂದು ಭಾವಿಸುತ್ತೇನೆ. 524.256 ಮೀಟರಿನ ಇಕ್ಕಟ್ಟನ್ನು ಮೂರನೆಯ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಮುಳುಗಡೆಯಾದ ಮನೆಗಳವರ ಜೊತೆ ಕುಳಿತು ಮಾತನಾಡದೆ ಅದನ್ನು ಬರೆಯುವುದು ಸರಿಯಲ್ಲವೆಂದು ಗೆಳೆಯರು ಹೇಳುತ್ತಾರೆ, ನನಗೂ ಹಾಗೆಯೇ ಅನಿಸುತ್ತದೆ.

ಉಳಿದದ್ದು ಒಂದೇ ಸಂದೇಹ. ಒಳಪುಟಗಳು ಕಪ್ಪು-ಬಿಳುಪಿನಲ್ಲಿದ್ದರೆ ಮಕ್ಕಳು ಕೊಳ್ಳುತ್ತಾರೆಯೇ?

ಉತ್ತರ 5: ಹಳೆಯ ಪುಸ್ತಕದಂಗಡಿ, ಬೆಳಗಾವಿ

ಚಿತ್ರ ಗಟ್ಟಿಯಾಗಿದ್ದರೆ ಕೊಳ್ಳುತ್ತಾರೆ. ಜಪಾನಿನ ಮಾಂಗಾ ಬಹುಪಾಲು ಕಪ್ಪು-ಬಿಳುಪಿನದೇ, ನನ್ನ ಅಂಗಡಿಗೆ ಬರುವ ಕಾಲೇಜು ಹುಡುಗರು ಅದನ್ನೇ ಕೇಳಿ ಒಯ್ಯುತ್ತಾರೆ. ಹೊದಿಕೆ ಮಾತ್ರ ನಾಲ್ಕು ಬಣ್ಣದಲ್ಲಿರಲಿ. ಬೂದುಬಣ್ಣದ ಛಾಯೆಗಳನ್ನು ಹೆಚ್ಚು ನಂಬಬೇಡಿ, ಅಗ್ಗದ ಕಾಗದದಲ್ಲಿ ಅವು ಮಂಕಾಗುತ್ತವೆ. ಗೆರೆ ಮತ್ತು ಅಚ್ಚ ಕಪ್ಪಿನಲ್ಲೇ ಬೆಳಕು-ನೆರಳನ್ನು ತನ್ನಿ. ಹಿನ್ನೀರಿನ ಪುಟಗಳಿಗೆ ಅದು ಇನ್ನೂ ಹೆಚ್ಚು ಒಪ್ಪುತ್ತದೆ.

ಉತ್ತರ 6: ಡಿಟಿಪಿ ಕೆಲಸದವ, ಬಾಗಲಕೋಟೆ

ಅವರ ಮಾತಿಗೆ ಒಂದು ಸೇರಿಕೆ: ಗೆರೆಚಿತ್ರಗಳನ್ನು 600 ಡಿಪಿಐಗಿಂತ ಕಡಿಮೆಯಲ್ಲಿ ಸ್ಕ್ಯಾನ್ ಮಾಡಬೇಡಿ ಮತ್ತು ಜೆಪೆಗ್‌ನಲ್ಲಿ ಉಳಿಸಬೇಡಿ, ಟಿಫ್‌ನಲ್ಲಿಡಿ. ಪುಟದ ಸುತ್ತ ಕಟಿಂಗಿಗೆ 3 ಮಿಲಿಮೀಟರ್ ಹೆಚ್ಚುವರಿ ಚಿತ್ರ ಬಿಡಿ, ಬಲೂನುಗಳನ್ನು ಅಂಚಿನಿಂದ ಸಾಕಷ್ಟು ಒಳಗಿಡಿ. ಕ್ರೀಡಾಕೂಟದ ಮೊದಲ ಎಂಟು ಪುಟಗಳು ಸಿದ್ಧವಾದಾಗ ಇಲ್ಲಿಯೇ ಹಾಕಿ, ಒಂದು ಫಾರ್ಮಿನಷ್ಟು ಅಕ್ಷರ ಕೂರಿಸಿ ತೋರಿಸುತ್ತೇನೆ.